ನಕಾಶೆಯ ದಾರಿ, ಎತ್ತಿನ ದಾರಿ

ಆ ದಿನ ಮಾಡಿದ ಕೆಲಸ: ನಸುಕಿನಲ್ಲಿ ಎದ್ದು ಹದಿನಾಲ್ಕು ರೊಟ್ಟಿ ಬಡಿದೆ, ಪುಂಡಿಪಲ್ಲೆ ಕುದಿಸಿಟ್ಟೆ. ಯಜಮಾನರ ಬುತ್ತಿಯನ್ನು ಅವರ ಹೊಲಿಗೆ ಮಷಿನ್ನಿನ ಮೇಲಿಟ್ಟೆ, ನನ್ನದನ್ನು ಚೀಲಕ್ಕೆ ಹಾಕಿಕೊಂಡೆ. ನಿಡಗುಂದಿಯಿಂದ ಏಳರ ಬಸ್ಸು ಹತ್ತಿ ಹಿನ್ನೀರಿನ ಬೋಟಿಂಗ್ ಜಾಗದಲ್ಲಿ ಇಳಿದೆ. ಗೇಟಿನ ಬೀಗ ತೆಗೆದೆ, ಅಂಗಳ ಗುಡಿಸಿದೆ. ಲೈಫ್ ಜಾಕೆಟ್ ಎಣಿಸಿದೆ, ಇಪ್ಪತ್ತಾರು. ಎರಡರ ಪಟ್ಟಿ ಹರಿದಿತ್ತು, ಹೊಲಿದೆ. ನೀರಿನಲ್ಲಿ ನಿಲ್ಲಿಸಿದ ಅಳತೆಗಂಬ ನೋಡಿ ರಜಿಸ್ಟರಿನಲ್ಲಿ ಬರೆದೆ: ನಿನ್ನೆಗಿಂತ ಎರಡು ಬೆರಳು ಕಡಿಮೆ. ಬೋಟಿನ ತಳದಲ್ಲಿ ನಿಂತ ನೀರನ್ನು ಡ್ರೈವರ್ ಜೊತೆ ಸೇರಿ ಡಬ್ಬಿಯಲ್ಲಿ ತೋಡಿ ಚೆಲ್ಲಿದೆ. ಜೆಟ್ಟಿಯನ್ನು ಮತ್ತೆ ಎಂಟು ಹೆಜ್ಜೆ ಮುಂದಕ್ಕೆ ಎಳೆದೆವು. ಇಷ್ಟು ಮುಗಿಯುವಷ್ಟರಲ್ಲಿ ಸಿಂದಗಿ ಕಡೆಯ ಒಂದು ಸಾಲೆಯ ಬಸ್ಸು ಬಂತು. ಅಲ್ಲಿಂದ ದಿನ ಕೆಟ್ಟಿತು.

ಜೆಟ್ಟಿ ಎಂದರೆ ದೊಡ್ಡ ವಸ್ತುವೇನಲ್ಲ. ಎಂಟು ಖಾಲಿ ಎಣ್ಣೆ ಡ್ರಮ್ಮುಗಳ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ. ಒಂದು ತುದಿ ದಂಡೆಗೆ ಹತ್ತಿರುತ್ತದೆ, ಇನ್ನೊಂದು ತುದಿ ಬೋಟು ಬಂದು ನಿಲ್ಲುವಷ್ಟು ನೀರಿನಲ್ಲಿ ತೇಲಬೇಕು. ಮಳೆಗಾಲ ಮುಗಿದು ಅಣೆಕಟ್ಟು ತುಂಬಿದಾಗ ನೀರು ಗೇಟಿನ ಹತ್ತಿರವೇ ಬಂದಿರುತ್ತದೆ, ಆಗ ಯಾವ ಕಾಟವೂ ಇಲ್ಲ. ಕಾಲುವೆಗೆ ನೀರು ಬಿಡಲು ಶುರುವಾದ ಮೇಲೆ ನೋಡಬೇಕು ನಮ್ಮ ಪಾಡು. ಇಲ್ಲಿಯ ನೆಲ ಪರಾತದ ಹಾಗೆ ಸಪಾಟು. ನೀರು ಒಂದು ಗೇಣು ಇಳಿದರೆ ದಂಡೆ ನಲವತ್ತು ಹೆಜ್ಜೆ ಹಿಂದೆ ಸರಿಯುತ್ತದೆ. ನೀರು ಬಿಟ್ಟುಹೋದ ಜಾಗದಲ್ಲಿ ಉಳಿಯುವುದು ಎರೆಮಣ್ಣಿನ ಕೆಸರು. ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ನುಂಗುತ್ತದೆ.

ಅವತ್ತು ನುಂಗಿದ್ದು ಸಾಲೆಯ ಮಾಸ್ತರರ ಕಾಲನ್ನು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದಾರಿ ತೋರಿಸಲು ತಾವೇ ಮುಂದೆ ಹೋದವರು ಜೆಟ್ಟಿಗೆ ಮೂರು ಮಾರು ಇರುವಾಗ ಹೂತುಕೊಂಡರು. ಮಕ್ಕಳು ನಗು ತಡೆಯಲಾರದೆ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು.

"ಏನ್ರಿ ಅಕ್ಕಾರ, ಟಿಕೀಟು ಬೋಟಿಂದೋ ಕೆಸರಿಂದೋ?" ಎಂದರು ಮಾಸ್ತರರು.

"ಮೊದಲ ಕಾಲ ತಗೀರಿ ಮಾಸ್ತರ್ರ, ಆಮ್ಯಾಲ ಬೈಯೀರಂತ" ಎಂದು ನಮ್ಮ ಡ್ರೈವರ್ ಅವರ ಕಂಕುಳಿಗೆ ಕೈ ಹಾಕಿ ಎತ್ತಿದ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಡ್ರೈವರ್ ನಲವತ್ತರ ಆಸುಪಾಸಿನವ, ಮೀನು ಹಿಡಿಯುವ ಮನೆತನದವ. ಯಾರ ಮಾತಿಗೂ ಸಿಟ್ಟಾಗುವವನಲ್ಲ. ಹಲಗೆ ಹಾಸಿ ಹೇಗೋ ಹತ್ತು ಮಕ್ಕಳನ್ನು ಹತ್ತಿಸಿಕೊಂಡು ಹೋದ. ಅರ್ಧ ಸುತ್ತು ಹೊಡೆಯುವುದರೊಳಗೆ ಕೆಳಗೆ ಏನೋ ಕಲ್ಲಿಗೆ ಬಡಿದು ಎಂಜಿನ್ನಿನ ಪಂಖದ ಪಿನ್ನು ಮುರಿಯಿತು. ಆ ವಾರದಲ್ಲಿ ಅದು ಎರಡನೆಯ ಸಲ, ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಹುಟ್ಟು ಹಾಕುತ್ತ ಹಿಂದೆ ಬಂದ. ಉಳಿದ ಮಕ್ಕಳಿಗೆ ಬೋಟು ಇಲ್ಲ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅದೇ ದಿನ ಮಧ್ಯಾಹ್ನ ಒಬ್ಬಳು ಮುದುಕಿ ಗೇಟಿನಲ್ಲಿ ಬಂದು ಕೂತಳು. ಕೈಯಲ್ಲಿ ಜಾಲಿಯ ಕೋಲು, ಕಾಲಲ್ಲಿ ಏನೂ ಇಲ್ಲ.

"ತಂಗಿ, ಎಳ್ಳಮಾಸಿ ದಿನ ನನ್ನ ಒಂದೀಟ ನಿನ್ನ ಬೋಟಿನಾಗ ಒಯ್ತಿ ಏನ?"

"ಎಲ್ಲಿಗಿ ಆಯಿ?"

"ನಮ್ಮ ಹೊಲಕ್ಕ. ಅಲ್ಲೇ ಐತಿ ನೋಡ" ಎಂದು ಕೋಲಿನಿಂದ ನೀರು ತೋರಿಸಿದಳು. "ಚರಗಾ ಚೆಲ್ಲಿ ಬರ್ತೇನಿ."

ಎಳ್ಳಮಾವಾಸ್ಯೆ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಬುಟ್ಟಿ ಹೊತ್ತು ಹೋಗುತ್ತಾರೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ಒಬ್ಬರು ಕೂಗುತ್ತ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತ ದನಿಗೊಡಬೇಕು. ಹೊಲಕ್ಕೆ ಉಣ್ಣಿಸಿದ ಮೇಲೆಯೇ ನಾವು ಉಣ್ಣುವುದು. ಈ ಆಯಿಯ ಹೊಲ ನೀರಿನ ಕೆಳಗೆ ಹೋಗಿ ಎರಡೋ ಮೂರೋ ವರ್ಷ ಆಗಿತ್ತು. ಮಕ್ಕಳು ಪುನರ್ವಸತಿ ಊರಿನಲ್ಲಿ ಬೇರೆ ಹೊಲ ಮಾಡಿಕೊಂಡಿದ್ದರು.

ಗೇಟಿನ ಮೇಲೆ ಬೋರ್ಡು ಇತ್ತು: ಹೊರಗಿನ ಊಟ ತಿಂಡಿ ಒಳಗೆ ತರಕೂಡದು. ನಾನು ಅದನ್ನು ಓದಿ ಹೇಳಿದೆ.

"ಬುಟ್ಟಿ ಇಲ್ಲದ ಚರಗಾ ಹ್ಯಾಂಗ ಆಗತೈತಿ ತಂಗಿ?"

"ಹಂಗ ಐತಿ ಆಯಿ ರೂಲು. ನನ್ನ ಕೈಯಾಗ ಇಲ್ಲ."

ಅವಳು ಎದ್ದು ಹೋಗಲಿಲ್ಲ. ಬಿಸಿಲು ಇಳಿಯುವವರೆಗೆ ಅಲ್ಲೇ ಕೂತು, ಇಳಿಯುತ್ತಿದ್ದ ನೀರನ್ನು ನೋಡಿ ಹೋದಳು. ಮರುದಿನ ಮತ್ತೆ ಬಂದಳು.

ನಮ್ಮ ಬೋಟಿಂಗಿನ ಮೇಲಧಿಕಾರಿ ಸಾಹೇಬರೂ ಮರುದಿನವೇ ಬಂದರು. ಅವರು ಮೈಸೂರು ಸೀಮೆಯವರು, ಮಾತು ಮೆತ್ತಗೆ. ಹೇಳುವುದು ಮಾತ್ರ ಮೆತ್ತಗಿರುವುದಿಲ್ಲ. ಮಾಸ್ತರರು ಮೇಲಿನವರೆಗೆ ತಕರಾರು ಮುಟ್ಟಿಸಿದ್ದರು.

"ನೋಡಿಯಮ್ಮ, ವರ್ಷದಲ್ಲಿ ಜನ ಹೆಚ್ಚಾಗಿ ಬರೋದು ಎಳ್ಳಮಾವಾಸ್ಯೆ ದಿನ. ಅವತ್ತು ಜೆಟ್ಟಿ ಸರಿಯಿಲ್ಲ ಅಂದ್ರೆ ಬೋಟುಗಳನ್ನ ಬೇರೆ ಕೆರೆಗೆ ಸಾಗಿಸಿಬಿಡ್ತಾರೆ, ಇಲ್ಲಿಗೆ ಬೀಗ. ನನ್ನ ಕೈಯಲ್ಲಿ ಏನೂ ಇಲ್ಲ."

ಹಿಂದಿನ ದಿನ ಆಯಿಗೆ ನಾನು ಹೇಳಿದ ಮಾತೇ ನನಗೆ ತಿರುಗಿ ಬಂತು. ಎಳ್ಳಮಾವಾಸ್ಯೆಗೆ ಹದಿಮೂರು ದಿನ ಉಳಿದಿತ್ತು. ಬೀಗ ಬಿದ್ದರೆ ಡ್ರೈವರ್ ಮತ್ತೆ ಬಲೆ ಹಿಡಿದು ಹೋಗುತ್ತಾನೆ, ನಾನು ಯಜಮಾನರ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂರುತ್ತೇನೆ. ಹೊಟ್ಟೆಗೆ ಕಡಿಮೆ ಬೀಳುತ್ತದೆ ಎಂದಲ್ಲ. ಆ ಇಪ್ಪತ್ತಾರು ಜಾಕೆಟ್ಟು, ಆ ಅಳತೆಗಂಬ, ಬೋಟು ಹತ್ತುವಾಗ ನನ್ನ ಹೆಗಲು ಹಿಡಿಯುವ ಹೆಂಗಸರು, ಇದು ನನ್ನ ಕೆಲಸ ಆಗಿತ್ತು. ಕೈಬಿಡಲು ಮನಸ್ಸಿರಲಿಲ್ಲ.

ಮೊದಲು ಎರಡು ಟ್ರ್ಯಾಕ್ಟರ್ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ತರಿಸಿ ಕೆಸರಿನ ಮೇಲೆ ಸುರಿಸಿದೆವು. ಸಂಜೆ ಅದರ ಮೇಲೆ ನಡೆದು ನೋಡಿ ಖುಷಿಯಿಂದ ಮನೆಗೆ ಹೋದೆವು. ಬೆಳಿಗ್ಗೆ ಬಂದರೆ ಗರಸು ಇಲ್ಲ. ಎರೆಮಣ್ಣು ಅದನ್ನು ಬೆಲ್ಲದಂತೆ ಕರಗಿಸಿಕೊಂಡಿತ್ತು.

ಆಮೇಲೆ ಸಾಹೇಬರಿಗೆ ನಕಾಶೆಯ ವಿಚಾರ ಹೊಳೆಯಿತು. ಮುಳುಗಿದ ಊರಿನ ಹಳೆಯ ನಕಾಶೆ ಸಿಕ್ಕರೆ ಅದರಲ್ಲಿ ಬಂಡಿದಾರಿ ಇರುತ್ತದೆ, ಬಂಡಿ ಓಡಾಡಿದ ನೆಲ ಗಟ್ಟಿ ಇರುತ್ತದೆ, ಜೆಟ್ಟಿಯನ್ನು ಅದರ ಮೇಲೆ ಇಟ್ಟರಾಯಿತು ಎಂದರು. ಮಾತು ಸರಿಯೇ ಅನ್ನಿಸಿತು. ನಾನು ಅಗರಖೇಡದ ಮಗಳು, ಭೀಮೆಯ ದಂಡೆಯವಳು. ಈ ನೀರಿನ ಕೆಳಗಿನ ಊರನ್ನು ಕಂಡವಳಲ್ಲ. ಡ್ರೈವರನಿಗೆ ನದಿ ಗೊತ್ತು, ಹೊಲ ಗೊತ್ತಿಲ್ಲ. ಕಾಗದ ನಂಬದೆ ಇನ್ನಾರನ್ನು ನಂಬಬೇಕು?

ನಕಾಶೆಗಾಗಿ ನಾನು ಸರ್ವೆ ಕಚೇರಿಗೆ ಮೂರು ದಿನ ಓಡಾಡಿದೆ. ಮೊದಲ ದಿನ ನಕಾಶೆ ಇಟ್ಟವರು ರಜೆಯ ಮೇಲಿದ್ದರು. ಎರಡನೆಯ ದಿನ ಕಪಾಟಿನ ಕೀಲಿ ಸಿಗಲಿಲ್ಲ. ಮೂರನೆಯ ದಿನ ಕೀಲಿ, ನಕಾಶೆ ಎರಡೂ ಸಿಕ್ಕವು, ನಕಲು ಇಳಿಸುವ ಎಣ್ಣೆಕಾಗದ ಇರಲಿಲ್ಲ. ಪೇಟೆಗೆ ಹೋಗಿ ನಾನೇ ತಂದುಕೊಟ್ಟೆ. ಗೆರೆ ತೀಡಿ ಇಳಿಸಿಕೊಂಡು ಕೊನೆಯ ಬಸ್ಸಿಗೆ ಊರಿಗೆ ಬಂದಾಗ ಯಜಮಾನರು ಅನ್ನಕ್ಕಿಟ್ಟು ತಳ ಹೊತ್ತಿಸಿದ್ದರು.

"ಅಷ್ಟ ಓಡಾಡಿ ತಂದದ್ದ ಇದೇನು?" ಎಂದು ನಕಾಶೆಯನ್ನು ದೀಪಕ್ಕೆ ಹಿಡಿದರು. "ಅಂಗಿ ಕಟಿಂಗ್ ಇದ್ದಂಗ ಐತಿ."

ಸಾಹೇಬರು ನಕಾಶೆಯನ್ನು ಜೀಪಿನ ಮೂತಿಯ ಮೇಲೆ ಹರಡಿ ಅಳೆದರು. ದಾರಿ ಈಗಿನ ಜೆಟ್ಟಿಯ ಎಡಕ್ಕೆ ಬಹಳ ದೂರ ಬಿತ್ತು. ಗೂಟ ಹೊಡೆದೆವು. ಏಳು ಜನ, ಒಂದು ಟ್ರ್ಯಾಕ್ಟರು, ಇಡೀ ದಿನ. ಡ್ರಮ್ಮಿಗೆ ಹಗ್ಗ ಬಿಗಿದು ನೀರಿನ ಅಂಚಿನಲ್ಲೇ ಎಳೆದೆವು. ಟ್ರ್ಯಾಕ್ಟರಿನ ಗಾಲಿ ಎರಡು ಸಲ ಹೂತಿತು, ಒಂದು ಹಲಗೆ ಸೀಳಿತು. ನನ್ನ ಅಂಗೈಯಲ್ಲಿ ಹಗ್ಗದ ಬರೆ ಎದ್ದಿತು. ಇಳಿಹೊತ್ತಿಗೆ ಜೆಟ್ಟಿ ನಕಾಶೆ ಹೇಳಿದ ಜಾಗದಲ್ಲಿ ನಿಂತಿತು. ಸಾಹೇಬರು ಅದರ ಮೇಲೆ ನಿಂತು ಎರಡು ಸಲ ಕುಪ್ಪಳಿಸಿ, "ಗುಡ್" ಎಂದರು.

ಬೆಳಿಗ್ಗೆ ದಂಡೆಯ ಕಡೆಯ ಎರಡು ಡ್ರಮ್ಮು ಅರ್ಧ ಹೂತಿದ್ದವು. ಹಲಗೆ ಸೊಟ್ಟಗೆ ಆಕಾಶ ನೋಡುತ್ತಿತ್ತು. ನಾನು ಅಂಗಳ ಗುಡಿಸಲಿಲ್ಲ, ಜಾಕೆಟ್ಟು ಎಣಿಸಲಿಲ್ಲ. ಟಿಕೀಟು ಕೋಣೆಯ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಗೇಟಿನಲ್ಲಿ ಆಯಿ ಆಗಲೇ ಬಂದು ಕೂತಿದ್ದಳು. ನಮ್ಮ ಜೆಟ್ಟಿ ನೋಡಿ ಸೆರಗಿನಲ್ಲಿ ನಗುತ್ತಿದ್ದಳು.

"ನಗಬ್ಯಾಡ ಆಯಿ. ನಿನ್ನಿ ದಿನಾ ಪೂರಾ ಜಗ್ಗೇವಿ."

"ಕೇಳಿದ್ರ ಹೇಳತಿದ್ನೆವ್ವಾ. ಕಾಗದಾ ನೋಡಾಕತ್ತಿದ್ರಿ, ನಾ ಯಾಕ ನಡಕ ಬಾಯಿ ಹಾಕ್ಲಿ?"

"ಅದು ನಿಮ್ಮೂರ ಬಂಡಿದಾರಿ ಹೌದೋ ಅಲ್ಲೋ?"

"ಹೌದು. ಆದ್ರ ಆ ದಾರಿಗಿ ಎತ್ತು ಯಾವತ್ತೂ ಕಾಲ ಇಟ್ಟಿಲ್ಲ. ನಕಾಶಿ ದಾರಿ ಬ್ಯಾರೆ, ಎತ್ತಿನ ದಾರಿ ಬ್ಯಾರೆ. ಒಂದ ಮಳಿ ಬಂದ್ರ ಅಲ್ಲಿ ಬಂಡಿ ಅಚ್ಚಿನ ಮಟಾ ಕುಸೀತಿತ್ತು. ಊರ ಮಂದಿ ಎಲ್ಲಾ ನಮ್ಮ ಹೊಲದ ಬದುವಿನ ಮ್ಯಾಲೆ ಹಾಯ್ತಿದ್ರು. ನಮ್ಮ ಮಾವ ಮೊದಲ ಜಗಳಾ ತಗದಾ. ಆಮ್ಯಾಲ ಬಾವಿ ತೋಡಿದ ಕಲ್ಲ ಎಲ್ಲಾ ತಾನ ಆ ಬದುವಿಗಿ ಹಾಕಿಸಿ, ಹೋಗ್ರಪಾ ಅಂದಾ."

ನಾನು ಎದ್ದು ನಿಂತೆ. ಎಂಟು ದಿನದಿಂದ ದಿನಾ ಗೇಟಿನಲ್ಲಿ ಕೂತವಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬೋರ್ಡು ಓದಿ ಹೇಳಿ ಕಳಿಸುವುದರಲ್ಲೇ ಇದ್ದೆ.

"ಆ ಬದು ಎಲ್ಲಿ ಐತಿ ತೋರಸ್ತಿ ಏನ ಆಯಿ?"

"ತೋರಸ್ತೇನಿ. ನನ್ನ ಬುಟ್ಟಿ?"

ಸಾಹೇಬರನ್ನು ಕೇಳಲು ಅವರು ಅಲ್ಲಿರಲಿಲ್ಲ, ಇದ್ದರೂ ನಾನು ಕೇಳುತ್ತಿರಲಿಲ್ಲವೋ ಏನೋ. ಎಳ್ಳಮಾವಾಸ್ಯೆಗೆ ಐದು ದಿನ. "ನಿನ್ನ ಬುಟ್ಟಿ ಸಹಿತ ಒಯ್ತೇನಿ" ಎಂದೆ. ಮಾತು ಕೊಟ್ಟಾಯಿತು.

ಆಯಿ ಸೀರೆಯನ್ನು ಮೊಣಕಾಲಿನ ಮೇಲೆ ಸಿಗಿಸಿ ನೀರಿನ ಅಂಚಿಗೇ ನಡೆದಳು. ಕಣ್ಣಿನಿಂದ ಏನನ್ನೂ ಹುಡುಕಲಿಲ್ಲ. ಕಾಲು ಇಡುತ್ತ, ತೆಗೆಯುತ್ತ, ಗೋಡೆ ಹಿಡಿದು ಕತ್ತಲಲ್ಲಿ ನಡೆಯುವವಳ ಹಾಗೆ ಸರಿಯುತ್ತ ಹೋದಳು. ನಮ್ಮ ಮೊದಲಿನ ಜೆಟ್ಟಿಯನ್ನೂ ದಾಟಿ ಬಲಕ್ಕೆ ಹೋಗಿ ನಿಂತಳು. "ಇಲ್ಲಿ ನೋಡ್ರಿ."

ಡ್ರೈವರ್ ಉದ್ದನೆಯ ಬಿದಿರು ಗಳ ತಂದು ಚುಚ್ಚಿದ. ನಾಲ್ಕು ಬೆರಳು ರಾಡಿ ಇಳಿದು ಆಮೇಲೆ ಟಕ್ ಎಂದಿತು. ಎರಡು ಹೆಜ್ಜೆ ಈಚೆ ಚುಚ್ಚಿದ, ಗಳ ಮೊಳದುದ್ದ ಇಳಿಯಿತು. ಮತ್ತೆ ಆಚೆ ಚುಚ್ಚಿದ, ಟಕ್. ಅವನ ಮುಖ ನೋಡಬೇಕಿತ್ತು.

"ಅಕ್ಕಾರ, ಎಂಟು ಡ್ರಮ್ಮಲ್ಲ, ಆನಿ ನಿಂದರಸ್ರಿ."

ಅಂದು ಸಂಜೆಯವರೆಗೆ ಗಳದಿಂದ ದಾರಿಯ ಎರಡೂ ಅಂಚು ಹುಡುಕಿ, ಹತ್ತು ಹೆಜ್ಜೆಗೊಂದು ಕೋಲು ನೆಟ್ಟೆವು. ನೀರಿನೊಳಗೂ ಎದೆಮಟ್ಟದವರೆಗೆ ನೆಟ್ಟೆವು, ಏಕೆಂದರೆ ನೀರು ಇಳಿದಂತೆ ಜೆಟ್ಟಿ ಅದೇ ದಾರಿಯಲ್ಲಿ ಮುಂದೆ ಹೋಗಬೇಕು. ಯಜಮಾನರ ಅಂಗಡಿಯಿಂದ ಕೆಂಪು ಅರಿವೆಯ ತುಂಡು ತಂದು ಒಂದೊಂದಕ್ಕೂ ಕಟ್ಟಿದೆ. ಮುದುಕಿ ದಂಡೆಯ ಮೇಲೆ ಕೂತು ಹೇಳುತ್ತಿದ್ದಳು: ಇಲ್ಲಿಂದ ನಮ್ಮ ಮೇಲಿನ ಬದು, ಅಲ್ಲಿ ಬನ್ನಿಗಿಡ ಇತ್ತು, ಕಡಿದೊಯ್ದರು, ಬೊಡ್ಡೆ ಇರಬೇಕು, ದಾರಿಯ ಎಡಕ್ಕೆ ಇಪ್ಪತ್ತು ಮಾರು ಬಿಟ್ಟು ಬಾವಿ.

"ಬಾವಿಗಿ ದಂಡಿ ಕಟ್ಟಿತ್ತೇನ ಆಯಿ?" ಎಂದ ಡ್ರೈವರ್.

"ಕಟ್ಟಿತ್ತು. ಎದಿಮಟಾ. ನನ್ನ ಮಗ ಎಲ್ಲಿ ಬೀಳತಾನೋ ಅಂತ ಅಂಜಿ ಎತ್ತರ ಕಟ್ಟಿಸಿದ್ವಿ."

ಡ್ರೈವರ್ ನನ್ನ ಕಡೆ ನೋಡಿದ. ಪಿನ್ನು ಎರಡು ಸಲ ಮುರಿದದ್ದು ಎಲ್ಲಿ ಎಂದು ಇಬ್ಬರಿಗೂ ತಿಳಿಯಿತು. ಆ ಬಾವಿಯ ಸುತ್ತ ಖಾಲಿ ಡಬ್ಬಿಗಳನ್ನು ಹಗ್ಗ ಕಟ್ಟಿ ತೇಲಿಬಿಟ್ಟೆವು. ಹತ್ತು ಮಕ್ಕಳನ್ನು ಕೂರಿಸಿಕೊಂಡು ನಾವು ಅದರ ಮೇಲೆ ಓಡಾಡುತ್ತಿದ್ದೆವು. ಅಂದು ರಜಿಸ್ಟರಿನಲ್ಲಿ ಬಾವಿಯ ಜಾಗವನ್ನೂ ಬರೆದಿಟ್ಟೆ.

ಜೆಟ್ಟಿಯನ್ನು ಮತ್ತೆ ಎಳೆಯಲು ಎರಡು ದಿನ ಹಿಡಿಯಿತು. ಹೂತ ಡ್ರಮ್ಮು ಕೀಳುವುದಕ್ಕೇ ಒಂದು ದಿನ. ಸಾಹೇಬರಿಗೆ ಚೀಟಿ ಕಳಿಸಿದೆ: ಜೆಟ್ಟಿ ಸ್ಥಳ ಬದಲಿಸಿದ್ದೇವೆ, ನೆಲ ಗಟ್ಟಿ ಇದೆ. ಯಾರು ತೋರಿಸಿದರು ಎಂದೂ ಬರೆದೆ. ಬುಟ್ಟಿಯ ಮಾತು ಬರೆಯಲಿಲ್ಲ. ಅಲ್ಲಿ ನಾನು ತಪ್ಪಿದೆ.

ಎಳ್ಳಮಾವಾಸ್ಯೆ ದಿನ ಮಧ್ಯಾಹ್ನ ಶುರುವಾದ ಜನ ನಿಲ್ಲಲೇ ಇಲ್ಲ. ಬಾಗೇವಾಡಿ ಕಡೆಯವರು, ಮುದ್ದೇಬಿಹಾಳ ಕಡೆಯವರು ತಮ್ಮ ತಮ್ಮ ಹೊಲದಲ್ಲಿ ಚರಗ ಮುಗಿಸಿ, ಉಳಿದ ಊಟದ ಬುಟ್ಟಿ ಸಹಿತ ಟ್ರ್ಯಾಕ್ಟರು ಹತ್ತಿ ನೀರು ನೋಡಲು ಬಂದಿದ್ದರು. ರೂಲಿನ ಪ್ರಕಾರ ಎಲ್ಲರ ಬುಟ್ಟಿಯನ್ನೂ ಗೇಟಿನಲ್ಲಿ ಇಳಿಸಿಕೊಂಡೆ. ಮೂವತ್ತರ ಮೇಲಾದವು. ಟಿಕೀಟು ಕೋಣೆಯೊಳಗೆ ಲಗ್ನದ ಮನೆಯ ವಾಸನೆ. ಜೆಟ್ಟಿ ಮಾತ್ರ ಅಲುಗಾಡಲಿಲ್ಲ. ಹೊಸ ಸೀರೆಯ ಹೆಂಗಸರು, ಕೂಸು ಎತ್ತಿಕೊಂಡವರು, ಕೋಲು ಹಿಡಿದವರು, ಒಬ್ಬರ ಕಾಲಿಗೂ ರಾಡಿ ಹತ್ತಲಿಲ್ಲ. ಸಾಹೇಬರು ನೋಡಿ, "ಪರವಾಗಿಲ್ವೇ" ಎಂದರು. ಬೀಗದ ಮಾತು ಆಮೇಲೆ ಬರಲಿಲ್ಲ.

ಇಳಿಬಿಸಿಲಿಗೆ ಆಯಿ ಬಂದಳು. ತಲೆಯ ಮೇಲೆ ಬಿಳಿ ಅರಿವೆ ಮುಚ್ಚಿದ ಬುಟ್ಟಿ, ಕೈಯಲ್ಲಿ ನೀರಿನ ತಂಬಿಗೆ. ಒಬ್ಬಳೇ. "ನೀವು ಹೊಸಾ ಹೊಲಕ್ಕ ಹೋಗ್ರಿ, ನಾ ಹಳೇ ಹೊಲಕ್ಕ ಹೋಗ್ತೇನಿ ಅಂತ ಹೇಳಿ ಬಂದೇನಿ" ಎಂದಳು. ಜೆಟ್ಟಿಯವರೆಗೆ ಕರೆದುಕೊಂಡು ಹೋದೆ. ಸಾಹೇಬರು ಅಲ್ಲೇ ನಿಂತಿದ್ದರು.

"ಅಮ್ಮ, ಆ ಬುಟ್ಟಿ ಏನು?"

"ಚರಗಾ ಸಾಹೇಬ್ರ. ಈ ದಾರಿ ತೋರಿಸಿದ ಆಯಿ ಇಕಿನ. ಬುಟ್ಟಿ ಸಹಿತ ಒಯ್ತೇನಿ ಅಂತ ಮಾತು ಕೊಟ್ಟೇನಿ."

"ಮಾತು ಕೊಡೋಕೆ ಬೋಟು ನಿಮ್ಮದಾ?" ಅವರು ದನಿ ಏರಿಸಲಿಲ್ಲ. "ಒಬ್ಬರಿಗೆ ಬಿಟ್ರೆ ಗೇಟಲ್ಲಿರೋ ಬುಟ್ಟಿಯೆಲ್ಲ ಒಳಗೆ ಬರುತ್ತೆ. ನಾಳೆ ದಂಡೆಯೆಲ್ಲ ಗಬ್ಬು. ಅಜ್ಜಿ ಬುಟ್ಟಿ ಇಟ್ಟು ಬರಲಿ, ಟಿಕೆಟ್ ಬೇಡ, ಆರಾಮಾಗಿ ಒಂದು ಸುತ್ತು ಹೋಗಿ ಬರಲಿ."

ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಮಾತು ಕೊಟ್ಟವಳು ನಾನು, ತಡೆದವರು ಅವರು. ಆಯಿಯ ಲೆಕ್ಕದಲ್ಲಿ ಇಬ್ಬರೂ ಒಂದೇ.

"ಬುಟ್ಟಿ ಬಿಟ್ಟ ಹೋಗಿ ನಾ ಏನ ಮೀನ ನೋಡ್ಲಿ?" ಎಂದಳು ಆಯಿ. ಬುಟ್ಟಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು, ಜೆಟ್ಟಿಯ ಪಕ್ಕದಿಂದ ನೀರಿಗೆ ಕಾಲಿಟ್ಟಳು.

"ಆಯಿ, ನಿಲ್ಲ."

"ಬೋಟಿಗಿ ಪರವಾನಗಿ ಬೇಕು ತಂಗಿ. ನನ್ನ ದಾರಿಗಿ ಬ್ಯಾಡ."

ಜೆಟ್ಟಿಯ ಮೇಲೆ ಇದ್ದ ಒಂದು ಜಾಕೆಟ್ಟು, ಒಂದು ಹಗ್ಗ ಎತ್ತಿಕೊಂಡು ನಾನೂ ಇಳಿದೆ. ಅವಳ ತೋಳು ಹಿಡಿದು ಜಾಕೆಟ್ಟು ತೊಡಿಸಿದೆ. "ಇದೇನ, ಎತ್ತಿಗಿ ಜೂಲ ಹಾಕಿದಂಗ ಹಾಕಾಕತ್ತಿ" ಎಂದಳು, ಬೇಡ ಎನ್ನಲಿಲ್ಲ. ನಡುವಿಗೆ ಹಗ್ಗ ಕಟ್ಟಿದೆ. ಇನ್ನೊಂದು ತುದಿಯನ್ನು ಡ್ರೈವರ್ ಹಿಡಿದು ಜೆಟ್ಟಿಯ ಗೂಟಕ್ಕೆ ಒಂದು ಸುತ್ತು ಸುತ್ತಿದ. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ನೀರಿಗೆ ಬೀಳುವ ಅಪಾಯ ಇದ್ದವರಿಗೆ ಜಾಕೆಟ್ಟು ಹಾಕಿ ಹಗ್ಗ ಹಿಡಿಯಬೇಕು ಎಂಬುದೂ ರೂಲಿನಲ್ಲೇ ಇತ್ತು. ಅವರು ಪಕ್ಕಕ್ಕೆ ಸರಿದು ಹಗ್ಗಕ್ಕೆ ಜಾಗ ಬಿಟ್ಟರು.

ಕೆಂಪು ಅರಿವೆಯ ಕೋಲುಗಳ ನಡುವೆ ಇಬ್ಬರೂ ನಡೆದೆವು. ನೀರು ಕೊರೆಯುವಷ್ಟು ತಣ್ಣಗಿತ್ತು. ಕಾಲಡಿಯಲ್ಲಿ ಕಲ್ಲು ಗಟ್ಟಿಯಾಗಿ ಸಿಗುತ್ತಿತ್ತು. ನಡುಮಟ್ಟ ನೀರಿನಲ್ಲಿ ಆಯಿ ನಿಂತಳು. "ಮ್ಯಾಲಿನ ಬದು ಇದು. ಬನ್ನಿಗಿಡದ ಬೊಡ್ಡಿ ಇನ್ನೂ ಮುಂದ ಐತಿ" ಎಂದು ದೂರ ನೋಡಿದಳು. ಅಲ್ಲಿಗೆ ಬೋಟಿಲ್ಲದೆ ಆಗುವಂತಿರಲಿಲ್ಲ. ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಬುಟ್ಟಿ ಇಳಿಸಿ ಎದೆಗೆ ಆನಿಸಿಕೊಂಡಳು. ಒಂದು ಹಿಡಿ ಎತ್ತಿ ನೀರಿನ ಮೇಲೆ ಬೀಸಿದಳು.

"ಹುಲ್ಲುಲ್ಲಿಗ್ಯೋ."

ನಾನು ತಂಬಿಗೆಯ ನೀರನ್ನು ಆ ನೀರಿನ ಮೇಲೆಯೇ ಚಿಮುಕಿಸಿದೆ. ದನಿಗೊಡಬೇಕಾದವಳು ನಾನು. ನನಗಿಂತ ಮೊದಲು ದಂಡೆಯ ಮೇಲಿಂದ, ಬುಟ್ಟಿ ಗೇಟಿನಲ್ಲಿ ಬಿಟ್ಟು ಬಂದ ಆ ಜನದಿಂದ ಉತ್ತರ ಬಂತು:

"ಚಲಾಂಬ್ರಿಗ್ಯೋ."

ಎರಡನೆಯ ಹಿಡಿಗೆ ಬೋಟಿನಲ್ಲಿ ಕೂತವರೂ ಸೇರಿದರು. ಐದು ಹಿಡಿ ಚೆಲ್ಲಿದಳು. ಸಾಹೇಬರು ಡ್ರೈವರನನ್ನು ಕೇಳಿದರಂತೆ, ಏನು ಮಾಡ್ತಿದಾರೆ ಅವರು ಎಂದು.

"ಹೊಲಕ್ಕ ಉಣಸಾಕತ್ತಾರ್ರಿ."

"ಹೊಲ ಎಲ್ಲಿದೆ?"

"ಅವರು ನಿಂತಲ್ಲೇ ಐತಿ ನೋಡ್ರಿ."

ಬೋಟಿಂಗ್ ಉಳಿಯಿತು. ಮುಂದೆ ಕಚೇರಿಯ ನಕಾಶೆಯಲ್ಲಿ ಆ ದಾರಿಯನ್ನು ಕೆಂಪು ಶಾಯಿಯಲ್ಲಿ ಎಳೆದು ಹೊಸ ಜೆಟ್ಟಿ ಮಾರ್ಗ ಎಂದು ಬರೆದರು, ಕೆಳಗೆ ಸಾಹೇಬರ ಸಹಿ. ಗೇಟಿನ ಬೋರ್ಡಿಗೂ ಹೊಸ ಬಣ್ಣ ಬಂತು, ಅಕ್ಷರ ಮೊದಲಿಗಿಂತ ದೊಡ್ಡವು. ಆ ಬಣ್ಣದ ಡಬ್ಬಿ ಹಿಡಿದು ನಿಂತವಳೂ ನಾನೇ.

ಆ ಸಂಜೆ ಆಯಿಯ ಊರಿಗೆ ಬಸ್ಸು ತಪ್ಪಿತ್ತು, ನಮ್ಮ ಮನೆಗೆ ಕರೆತಂದೆ. ಬಿಸಿನೀರು ಕಾಸಿ ಕಾಲು ತೊಳೆದುಕೋ ಎಂದರೆ, "ಇರ್ಲಿ ಬಿಡ, ಹೊಲದ ಮಣ್ಣೈತಿ" ಎಂದಳು. ಬುಟ್ಟಿಯಲ್ಲಿ ಉಳಿದದ್ದನ್ನು ಮೂವರೂ ಉಂಡೆವು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿಪಲ್ಲೆ, ಬದನೆಯ ಎಣಗಾಯಿ, ಅರ್ಧರ್ಧ ಶೇಂಗಾ ಹೋಳಿಗೆ. ಯಜಮಾನರು ತಾಟು ನೆಕ್ಕಿ, ತಮ್ಮ ತಳ ಹೊತ್ತಿದ ಅನ್ನದ ಮಾತು ತೆಗೆದು ನಗಿಸಿದರು. ತಾಟು ತೊಳೆದು ಒಳಗೆ ಬರುವಷ್ಟರಲ್ಲಿ ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೊದಲು ನಿದ್ದೆ ಹೋದವಳು ಅವಳೇ. ಕೌದಿಯ ಹೊರಗೆ ಎರಡೂ ಹಿಮ್ಮಡಿ ಕಾಣುತ್ತಿದ್ದವು, ಬಿರುಕಿನ ತುಂಬ ಎರೆಮಣ್ಣು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ನಾನು ಕೌದಿ ಎಳೆದು ಹೊದಿಸಿದೆ.